ಅತ್ತೆ ಬರೆದ ಪೊರಕೆ

ಟೂಲ್‌ಬಾರಿನ ಮೇಲಿರುವ ಚಿತ್ರ ನಿಜಕ್ಕೂ ತಾನು ತೋರಿಸುವ ವಸ್ತುವಿನಂತೆಯೇ ನಡೆದುಕೊಂಡರೆ ಏನಾದೀತು? ಈ ಪ್ರಶ್ನೆಯನ್ನು ಮೊದಲು ಕೇಳಿದವರು ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ನಿರುಪಮಾ ಮೇಡಂ. ಊಟದ ಡಬ್ಬಿ ಮುಚ್ಚುತ್ತಾ ಅವರು ಆರಾಮವಾಗಿ ಕೇಳಿದರು. ಉತ್ತರ ಹುಡುಕುವ ಕೆಲಸ ಮಾತ್ರ ನನ್ನ ತಲೆಗೆ ಬಂತು. ನಾನು ಚೆಲುವರಾಜು. ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ, ಒಂದು ಟೈರು ಗೋದಾಮಿನ ಪಕ್ಕದ ಕಟ್ಟಡದಲ್ಲಿ ‘ಜಗಲಿ’ ಎಂಬ ಎಡಿಟರ್ ತಯಾರಿಸುವವರಲ್ಲಿ ಒಬ್ಬ. ಅಂಗಡಿಯವರು, ಮೇಷ್ಟ್ರುಗಳು, ಸಂಘದವರು ತಮ್ಮ ವೆಬ್ ಪುಟಗಳನ್ನು ತಾವೇ ಕಟ್ಟಿಕೊಳ್ಳಲಿ ಎಂದು ಮಾಡಿದ ಎಡಿಟರ್ ಅದು.

ಹಳೆಯ ಎಡಿಟರುಗಳಲ್ಲೂ ನಮಗೆ ಬೇಕಾದಂತೆ ಟೂಲ್‌ಬಾರ್ ಮಾಡಿಕೊಳ್ಳಬಹುದಿತ್ತು. ಗುಂಡಿಗಳನ್ನು ಎಳೆದು ಬೇಕಾದ ಕಡೆ ಇಡಬಹುದು, ಬೇಡದ್ದನ್ನು ಮರೆಮಾಡಬಹುದು, ಐಕಾನಿನ ಚಿತ್ರ ಬದಲಿಸಬಹುದು. ಆದರೆ ಆ ಚಿತ್ರ ಬರೀ ಬೋರ್ಡು. ಕೆಲಸ ಮಾಡುತ್ತಿದ್ದದ್ದು ಅದರ ಹಿಂದೆ ಅಡಗಿ ಕೂತ ಆಜ್ಞೆ. ಉಳಿಸುವ ಗುಂಡಿಗೆ ಕೋತಿಯ ಚಿತ್ರ ಹಾಕಿದರೂ ಅದು ಕಡತವನ್ನು ಉಳಿಸಿಯೇ ಉಳಿಸುತ್ತಿತ್ತು. ಜಗಲಿಯಲ್ಲಿ ನಾವು ಇದನ್ನು ತಲೆಕೆಳಗು ಮಾಡಿದೆವು. ಹಿಂದೆ ಯಾವ ಆಜ್ಞೆಯೂ ಇಲ್ಲ, ಚಿತ್ರವೇ ಆಜ್ಞೆ. ಒಂದು ವಿಶೇಷ ಪೆನ್ನಿನಿಂದ ನೀವು ಐಕಾನ್ ಬರೆಯಬೇಕು, ಬರೆಯುತ್ತಾ ಆ ವಸ್ತುವಿನ ಬಗ್ಗೆ ಬಾಯಿಗೆ ಬಂದದ್ದು ಮಾತಾಡಬೇಕು. ಕೈಯ ಒತ್ತಡ, ತಡವರಿಕೆ, ನಾಡಿ, ಮಾತು ಎಲ್ಲವನ್ನೂ ಕೂಡಿಸಿ, ಆ ವಸ್ತು ನಿಮ್ಮ ಬದುಕಿನಲ್ಲಿ ಹೇಗಿದೆಯೋ ಅದೇ ನಡತೆಯನ್ನು ಪೆನ್ನು ಐಕಾನಿಗೆ ತುಂಬುತ್ತದೆ. ಬಾಯಿಬಿಟ್ಟು ಹೇಳದ್ದನ್ನೂ ಅದು ಕೈಯಿಂದ ಎತ್ತಿಕೊಳ್ಳುತ್ತಿದ್ದುದರಿಂದ ನಾವದಕ್ಕೆ ಕಳ್ಳಪೆನ್ನು ಎಂದು ಹೆಸರಿಟ್ಟಿದ್ದೆವು.

ತೊಂದರೆ ಎಂದರೆ ನಮ್ಮಲ್ಲಿ ಯಾರಿಗೂ ಚಿತ್ರ ಬರೆಯಲು ಬರುತ್ತಿರಲಿಲ್ಲ. ನಾನು ಬರೆದ ಬೀಗ ಚೊಂಬಿನ ಹಾಗೆ ಇತ್ತು. ಅದನ್ನು ಒತ್ತಿದರೆ ಕಡತ ಭದ್ರವಾಗುವ ಬದಲು, ಯಾರಾದರೂ ಏನಾದರೂ ಸುರಿಯಲಿ ಎಂದು ಬಾಯ್ತೆರೆದು ಕಾಯುತ್ತಿತ್ತು. ಮೇಡಂ ಅದನ್ನು ನೋಡಿ ನಕ್ಕು ನಕ್ಕು, “ನಿಮ್ಮನೇಲಿ ಡ್ರಾಯಿಂಗ್ ಟೀಚರ್ ಒಬ್ರಿದ್ದಾರೆ ಅಂದಿದ್ರಲ್ಲ ಚೆಲುವರಾಜು, ಅವರನ್ನ ಕೇಳಿ” ಎಂದರು.

ಡ್ರಾಯಿಂಗ್ ಟೀಚರ್ ಎಂದರೆ ನನ್ನ ಅತ್ತೆ ಪುಟ್ಟತಾಯಮ್ಮ. ನಂಜನಗೂಡಿನ ಸರ್ಕಾರಿ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾಗಿ, ಈಗ ನಮ್ಮ ಜೊತೆ ಶ್ರೀರಾಂಪುರದ ಮನೆಯಲ್ಲಿದ್ದಾರೆ. ಬದನೆಕಾಯಿಗೆ ಸರಿಯಾಗಿ ನೆರಳು ಕೊಡಲು ಬಾರದವರ ಬಗ್ಗೆ ಅವರಿಗೆ ಅಂಥ ಗೌರವವೇನೂ ಇಲ್ಲ. ಆ ಲೆಕ್ಕದಲ್ಲಿ ಅಳಿಯನ ಸ್ಥಾನ ಎಲ್ಲಿ ಎಂದು ನಾನು ಕೇಳಲು ಹೋಗಿಲ್ಲ.

“ಇಷ್ಟು ಚಿಕ್ಕ ಚೌಕದಲ್ಲಿ ಏನ್ ಬರೆಯೋದು ಅಳಿಯಂದ್ರೇ? ಸಾಸಿವೆ ಕಾಳಿನ ಮೇಲೆ ರಂಗೋಲಿ ಬಿಡು ಅಂದಂಗಾಯ್ತು” ಎಂದು ಅವರು ಮೊದಲ ದಿನವೇ ಶುರುಮಾಡಿದರು.

“ದೊಡ್ಡದಾಗೇ ಬರೀರಿ ಅತ್ತೆ. ಅದು ತಾನೇ ಚಿಕ್ಕದು ಮಾಡ್ಕೊಳುತ್ತೆ.”

ಊಟದ ಮೇಜಿನ ಮೇಲೆ ಕಳ್ಳಪೆನ್ನಿನ ಜೊತೆಯ ಫಲಕ ಇಟ್ಟುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅವರು ಒಂದೊಂದೇ ಬರೆದರು. ಭದ್ರ ಮಾಡಲು ಬೀಗದಕೈ, ಸಾಲು ಸರಿಮಾಡಲು ಮರದ ಸ್ಕೇಲು, ಪುಟಕ್ಕೆ ಪುಟ ಜೋಡಿಸಲು ಸೂಜಿ ದಾರ, ಪ್ರತಿ ಮಾಡಲು ಸೌಟು. ಮಾಡಿದ್ದನ್ನು ರದ್ದುಮಾಡಲು ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿ, ಅರ್ಧ ಬಿಚ್ಚಿದ ಉಲ್ಲನ್ ಹೆಣಿಗೆಯೊಂದನ್ನು ಬರೆದರು. ವಾರಿಜಾ ಹೊಟ್ಟೆಯಲ್ಲಿದ್ದಾಗ ಹೆಣೆದು, ಅಳತೆ ತಪ್ಪಿ, ಬಿಚ್ಚಿ, ಮತ್ತೆ ಹೆಣೆದ ಸ್ವೆಟರ್ ಅದಂತೆ. ವಾರಿಜಾ ನನ್ನ ಹೆಂಡತಿ. ಆ ಸ್ವೆಟರ್ ಕೊನೆಗೂ ಅವಳಿಗೆ ಬಿಗಿಯಾಯಿತಂತೆ.

ಪುಟದ ಕಸ ತೆಗೆಯಲು ಪೊರಕೆ. ಅದರ ಬುಡದಲ್ಲಿ ಅತ್ತೆ ಎರಡು ಸಣ್ಣ ಗೆರೆಗಳನ್ನು ಕೂಡಿಸಿ ಎಳೆದರು.

“ಈ ಗೆರೆ ಯಾಕೆ?” ಎಂದೆ.

“ಗೋಡೆ ಮತ್ತೆ ನೆಲ ಕಣ್ರೀ. ಪೊರಕೆ ಗಾಳೀಲಿ ನಿಂತಿರುತ್ತಾ? ಮೂಲೇಲಿ ತಾನೇ ಇರೋದು.”

ಆ ಐಕಾನುಗಳು ಜಗಲಿಯ ಜೊತೆ ಊರೂರಿಗೆ ಹೋದವು. ಜನಕ್ಕೆ ಇಷ್ಟವಾದವು. ಸಣ್ಣಪುಟ್ಟ ತರಲೆಗಳೂ ಇದ್ದವು. ಸೌಟು ಒತ್ತಿ ಎರಡು ಪ್ರತಿ ಕೇಳಿದರೆ ಅದು ಮೂರು ಕೊಡುತ್ತಿತ್ತು. ಸಾಕು ಎಂದರೂ ಇನ್ನೊಂದು ಬಡಿಸದೆ ಅತ್ತೆಯ ಸೌಟು ಪಾತ್ರೆಗೆ ಮರಳಿದ್ದನ್ನು ನಾನೆಂದೂ ನೋಡಿಲ್ಲವಾದ್ದರಿಂದ, ಇದು ಯಾಕೆಂದು ನನಗೆ ಕೂಡಲೇ ಗೊತ್ತಾಯಿತು. ಪೊರಕೆಯದು ಮಾತ್ರ ಗೊತ್ತಾಗಲಿಲ್ಲ.

ಹಗಲಿನಲ್ಲಿ ಪೊರಕೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಪುಟದಲ್ಲಿ ಬೇಡದ್ದು, ಎರಡೆರಡು ಸಲ ಬಂದದ್ದು, ಒತ್ತಿದರೆ ಎಲ್ಲಿಗೂ ಹೋಗದ ಸತ್ತ ಕೊಂಡಿಗಳು, ಎಲ್ಲವನ್ನೂ ಗುಡಿಸಿ ಎಸೆಯುತ್ತಿತ್ತು. ವೆಬ್ ಪುಟದಲ್ಲಿ ಕಸ ಎಂದರೆ ಯಾವುದೆಂದು ಅದಕ್ಕೆ ಪಟ್ಟಿ ಕೊಟ್ಟವನು ನಾನು. ಸಂಜೆಯಾದರೆ ವರಸೆ ಬೇರೆ. ಗುಡಿಸಿದ್ದು ಪುಟದಿಂದ ಮಾಯವಾಗುತ್ತಿತ್ತು, ಆದರೆ ಸರ್ವರಿನಲ್ಲಿ ಅದು ಹಿಡಿದಿದ್ದ ಜಾಗ ಒಂದಿಷ್ಟೂ ಖಾಲಿಯಾಗುತ್ತಿರಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಜಾಗ ತಾನಾಗಿಯೇ ಖಾಲಿ. ಮಂಗಳೂರಿನಲ್ಲಿ ಕೂತು ಜಗಲಿಯನ್ನು ಪರೀಕ್ಷಿಸುತ್ತಿದ್ದ ಪ್ರೆಸಿಲ್ಲಾ ಒಂದು ದಿನ ಫೋನ್ ಮಾಡಿದಳು.

“ಇಲ್ಲಿ ನಿಮಗಿಂತ ಸ್ವಲ್ಪ ಲೇಟಾಗಿ ಶುರುವಾಗ್ತದೆ ಮಾರಾಯ್ರೆ. ಕೋಲಾರದವರಿಗೆ ನಿಮಗಿಂತಲೂ ಬೇಗ ಅಂತೆ. ನಿಮ್ಮ ಪೊರಕೆಗೆ ಸಂಜೆ ಆದ್ರೆ ಕೆಲಸ ಮಾಡ್ಲಿಕ್ಕೆ ಉದಾಸೀನ.”

ನಾವು ಸರ್ವರನ್ನು ಬೈದೆವು, ನೆಟ್‌ವರ್ಕನ್ನು ಬೈದೆವು, ಸಂಜೆ ಹೊತ್ತು ಎಲ್ಲರೂ ಒಟ್ಟಿಗೆ ನೆಟ್‌ಗೆ ಬರುವುದನ್ನು ಬೈದೆವು. ಸೂರ್ಯನ ಮೇಲೆ ಅನುಮಾನಪಡುವಷ್ಟು ಬುದ್ಧಿ ಯಾರಿಗೂ ಬರಲಿಲ್ಲ. ಕೊನೆಗೆ ನಿರುಪಮಾ ಮೇಡಂ ಬೇಜಾರಿನಿಂದಲೇ ತೀರ್ಮಾನ ಹೇಳಿದರು. ಹೊರಗಿನ ವಿನ್ಯಾಸಗಾರರಿಂದ ಯಂತ್ರದಲ್ಲಿ ಬರೆದ ಐಕಾನುಗಳನ್ನು ತರಿಸಿದ್ದಾಯಿತು. ಎಲ್ಲ ನುಣ್ಣಗೆ, ಒಂದೇ ದಪ್ಪದ ಗೆರೆ. ಹೇಳಿದಷ್ಟು ಮಾಡುತ್ತವೆ, ಬಾಯಿಮುಚ್ಚಿಕೊಂಡು ಇರುತ್ತವೆ. ಅತ್ತೆಯವರ ಚಿತ್ರಗಳನ್ನು ಎಲ್ಲ ಕಡೆಯಿಂದ ತೆಗೆಯಬೇಕು.

“ನಿಮ್ಮ ಅತ್ತೆಗೆ ನೀವೇ ಹೇಳ್ಬಿಡಿ. ನನ್ನ ಕೈಲಾಗಲ್ಲ” ಎಂದರು ಮೇಡಂ.

ಅದು ನನ್ನ ಕೈಲೂ ಆಗಲಿಲ್ಲ. ಸಂತೆಗೆ ಹೋದರೂ ಪರಿಚಯದವರ ಮುಂದೆ ಫೋನ್ ತೆಗೆದು, “ಇದು ನಂದೇ ಬರಹ” ಎಂದು ಆ ಪುಟ್ಟ ಬೀಗದಕೈಯನ್ನು ತೋರಿಸುವ ಹೆಂಗಸಿಗೆ ಏನೆಂದು ಹೇಳುವುದು? ನಾಳೆ ಹೇಳಿದರಾಯಿತು ಎಂದು ದಿನ ತಳ್ಳಿದೆ.

ಹೀಗೆ ತಳ್ಳುತ್ತಿರುವಾಗಲೇ ವಾರಿಜಾಳ ದೊಡ್ಡ ದಿನ ಹತ್ತಿರ ಬಂತು. ಅವಳು ಕಿವಿ ಕೇಳದ ಮಕ್ಕಳ ವಸತಿಶಾಲೆಯೊಂದರಲ್ಲಿ ಟೀಚರ್. ಮಕ್ಕಳು ಚಾಮರಾಜನಗರ, ಕೊಳ್ಳೇಗಾಲ, ಹುಣಸೂರು ಕಡೆಗಳಿಂದ ಬಂದು ಅಲ್ಲೇ ಇದ್ದು ಓದುತ್ತಾರೆ. ಪಾಠಕ್ಕೆ ಎಲ್ಲರಿಗೂ ಒಂದೇ ಸನ್ನೆಭಾಷೆ ಇದೆ. ಆದರೆ ಪ್ರತಿ ಮಗುವೂ ತನ್ನ ಮನೆಯಿಂದ ಒಂದಷ್ಟು ಸನ್ನೆಗಳನ್ನು ಹೊತ್ತು ತಂದಿರುತ್ತದೆ. ಅಮ್ಮ, ನೀರು, ಅನ್ನ, ಅಜ್ಜಿ, ಭಯ, ಮಳೆ. ಒಂದೊಂದು ಮನೆಯದು ಒಂದೊಂದು ರೀತಿ. ಶಾಲೆಯ ಸನ್ನೆ ಕಲಿಯುತ್ತಾ ಮಕ್ಕಳು ಇವನ್ನು ಮರೆತುಬಿಡುತ್ತಾರೆ. ಮರೆಯುವ ಮುಂಚೆ ವಾರಿಜಾ ಅವನ್ನೆಲ್ಲ ಪುಟ್ಟ ಪುಟ್ಟ ವಿಡಿಯೊ ಮಾಡಿ ಒಂದು ಜಾಲತಾಣದಲ್ಲಿ ಜೋಡಿಸುತ್ತಾ ಬಂದಿದ್ದಳು. ವರ್ಷಗಟ್ಟಲೆಯ ಕೆಲಸ. ವಿಡಿಯೊದಲ್ಲಿದ್ದ ಎಷ್ಟೋ ಮಕ್ಕಳು ದೊಡ್ಡವರಾಗಿ ಶಾಲೆ ಬಿಟ್ಟು ಹೋಗಿದ್ದರು.

ಮಾರನೆಯ ದಿನ ಬೆಳಿಗ್ಗೆ ಶಾಲೆಯಲ್ಲಿ ಅದರ ಬಿಡುಗಡೆ. ಎಲ್ಲ ಮಕ್ಕಳ ತಾಯಂದಿರನ್ನೂ ಕರೆದಿದ್ದಳು. ತಾನಿಲ್ಲದ ಕಡೆ ತನ್ನ ಮಗು ತನ್ನ ಬಗ್ಗೆ ಸ್ನೇಹಿತರಿಗೆ ಹೇಗೆ ಹೇಳುತ್ತದೆ ಎಂಬುದನ್ನು ಆ ಹೆಂಗಸರು ಯಾರೂ ನೋಡಿರಲಿಲ್ಲ. ನಾಳೆ ಪ್ರತಿಯೊಬ್ಬ ತಾಯಿಗೂ ಅದನ್ನು ತೋರಿಸುತ್ತೇನೆ ಎಂದು ವಾರಿಜಾ ಮಾತು ಕೊಟ್ಟಿದ್ದಳು.

ಆ ಸಂಜೆ ನಾನು ಮನೆಗೆ ಬಂದಾಗ ಅವಳು ಊಟದ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ತನ್ನ ಸೈಟನ್ನು ನಮ್ಮ ಜಗಲಿಯಲ್ಲಿ ತೆರೆದು ಕೂತಿದ್ದಳು.

“ರೀ, ಸೈಟ್ ತುಂಬಾ ಭಾರ ಆಗಿದೆ. ಸಾದಾ ಫೋನಲ್ಲಿ ಓಪನ್ನೇ ಆಗ್ತಿಲ್ಲ. ಆ ಅಮ್ಮಂದಿರ ಹತ್ರ ಇರೋದೆಲ್ಲ ಅಂಥ ಫೋನೇ. ಸ್ವಲ್ಪ ಹಗುರ ಮಾಡ್ಕೊಡ್ರಿ.”

“ಎರಡು ನಿಮಿಷ. ಮೊದಲು ಇದರ ಟೂಲ್‌ಬಾರ್ ಹೊಸದು ಮಾಡ್ತೀನಿ” ಎಂದು ನಾನು ಕುರ್ಚಿ ಎಳೆದುಕೊಂಡೆ. ಅತ್ತೆ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಅವರ ಬೆನ್ನು ಈ ಕಡೆ ಇತ್ತು. ಇದೇ ಸಮಯ ಎಂದುಕೊಂಡು, ಬೀಗದಕೈ, ಸ್ಕೇಲು, ಸೂಜಿ ದಾರ, ಸೌಟು, ಬಿಚ್ಚಿದ ಹೆಣಿಗೆ, ಎಲ್ಲವನ್ನೂ ಒಂದೊಂದಾಗಿ ಎಳೆದು ಪೊರಕೆಯ ಮೇಲೆ ಹಾಕಿದೆ. ಪೊರಕೆ ಅವನ್ನು ಗುಡಿಸಿತು. ಪೊರಕೆಯನ್ನು ಕೊನೆಗೆ ತೆಗೆಯೋಣ ಎಂದು ಬಿಟ್ಟೆ. ಹೊಸ ಐಕಾನುಗಳು ಇಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.

“ಅಲ್ಲೀವರೆಗೂ ನೀನು ಪೊರಕೆ ಒತ್ತು. ಎರಡೆರಡು ಸಲ ಬಂದಿರೋ ವಿಡಿಯೊ ಇದ್ರೆ ಅದೇ ತೆಗೆಯುತ್ತೆ” ಎಂದು ಹೇಳಿ ನಾನು ಕಾಫಿಗೆ ಎದ್ದೆ.

ವಾರಿಜಾ ಒತ್ತಿದಳು. ಪೊರಕೆ ಪರದೆಯ ಮೇಲೆ ಒಂದು ಸಲ ಆಡಿತು. ‘ಅಮ್ಮ’ ಎಂಬ ಹೆಸರಿದ್ದ ವಿಡಿಯೊಗಳೆಲ್ಲ ಅದರ ಕಣ್ಣಿಗೆ ಒಂದೇ. ಒಂದನ್ನು ಉಳಿಸಿ ಮಿಕ್ಕದ್ದನ್ನು ಗುಡಿಸಿತು. ಒಂದು ನೀರು, ಒಂದು ಅನ್ನ, ಒಂದು ಅಜ್ಜಿ ಉಳಿಯಿತು. ಸೈಟ್ ಹಗುರವಾಗಿ, ಹೊಳೆಯುತ್ತಾ, ಖಾಲಿ ಮನೆಯ ಹಾಗೆ ನಿಂತಿತು.

“ರೀ” ಎಂದಳು. ಆ ಧ್ವನಿ ಕೇಳಿ ನಾನು ಕಾಫಿ ಲೋಟ ಅಲ್ಲೇ ಇಟ್ಟು ಓಡಿಬಂದೆ.

ರದ್ದುಮಾಡುವ ಗುಂಡಿಗೆ ಕೈಹಾಕಿದೆ. ಹೆಣಿಗೆಯ ಐಕಾನನ್ನು ನಾನೇ ಈಗಷ್ಟೇ ಗುಡಿಸಿ ಹಾಕಿದ್ದೆ. ಪ್ರಯೋಗಾಲಯದಲ್ಲಿದ್ದ ಸೈಟಿನ ಪ್ರತಿ? ಇಲ್ಲಿ ಬದಲಾದದ್ದು ಅಲ್ಲೂ ಆ ಕ್ಷಣವೇ ಬದಲಾಗುವ ಹಾಗೆ, ಬಹಳ ಹೆಮ್ಮೆಯಿಂದ, ನಾನೇ ಮಾಡಿದ್ದೆ. ನಿರುಪಮಾ ಮೇಡಂಗೆ ಫೋನ್ ಮಾಡಿದೆ. ಅವರು ಇನ್ನೂ ಪ್ರಯೋಗಾಲಯದಲ್ಲೇ ಇದ್ದರು. ಕೀಲಿಗಳ ಟಕಟಕ ಸದ್ದು ಕೇಳಿಸಿತು.

“ವಿಡಿಯೊ ಎಲ್ಲೂ ಕಾಣ್ತಿಲ್ಲ ಚೆಲುವರಾಜು. ಆದ್ರೆ ನೋಡಿ, ಜಾಗ ಖಾಲಿ ಆಗಿಲ್ಲ. ಅದೇ ನಮ್ಮ ಸಂಜೆ ತೊಂದರೆ. ಎಲ್ಲೋ ಇದಾವೆ. ಬೆಳಿಗ್ಗೆ ಹೊತ್ತಿಗೆ ಹೊರಟುಹೋಗುತ್ವೆ, ಅದು ನಿಮಗೂ ಗೊತ್ತು. ಎಲ್ಲಿ ಅಂತ ಹುಡುಕೋಣ, ನಾನು ಇಲ್ಲೇ ಇರ್ತೀನಿ.”

ಹುಡುಕಿದೆವು. ಅವರು ಅಲ್ಲಿಂದ, ನಾನು ಇಲ್ಲಿಂದ. ವಾರಿಜಾ ಮೇಜಿನ ಆ ಕಡೆ ಕೂತು, ಉಳಿದಿದ್ದ ಒಂದೇ ‘ಅಮ್ಮ’ನನ್ನು ಮತ್ತೆ ಮತ್ತೆ ಓಡಿಸಿ ನೋಡುತ್ತಿದ್ದಳು.

“ತಸ್ಮಿಯಾಳ ಅಮ್ಮ ಕೆಲಸಕ್ಕೆ ರಜಾ ಹಾಕಿ ಬರ್ತಿದಾರೆ. ಅವರಿಗೆ ಏನ್ ತೋರಿಸ್ಲಿ ನಾನು?” ಎಂದಳು. ಕಣ್ಣೊರೆಸಿಕೊಳ್ಳಲು ಸೆರಗು ಎಳೆದಾಗ ಮೇಜಿನ ಮೇಲಿದ್ದ ಕಡ್ಲೆಪುರಿ ತಟ್ಟೆಗೆ ಕೈ ತಾಗಿ, ಪುರಿ ನೆಲದ ತುಂಬ ಚೆಲ್ಲಿತು.

ಏನಾದರೂ ಮಾಡಲು ಸಿಕ್ಕಿತಲ್ಲ ಎಂಬಂತೆ ಅವಳು ಎದ್ದು ಪೊರಕೆ ತಂದು ಗುಡಿಸಿದಳು. ಮೊರದಲ್ಲಿ ತುಂಬಿಕೊಂಡು ಬಾಗಿಲ ಕಡೆ ಹೊರಟಳು. ಅಡುಗೆಮನೆಯಿಂದ ಅತ್ತೆ ಇಣುಕಿದರು.

“ಏ ಎಲ್ಲಿಗವ್ವ? ದೀಪ ಹಚ್ಚಾಗದೆ. ಈಗ ಕಸ ಆಚೆ ಹಾಕ್ತಾರಾ? ಮೂಲೇಲಿಡು, ಬೆಳಿಗ್ಗೆ ಎತ್ತಿದ್ರಾಯ್ತು.”

“ಪುರಿ ತಾನೇ ಅಮ್ಮ” ಎಂದಳು ವಾರಿಜಾ ಸುಸ್ತಾದ ಧ್ವನಿಯಲ್ಲಿ.

“ಪುರಿಯೋ ಇನ್ನೇನೋ. ಲಕ್ಷ್ಮಿ ಹೋಗ್ತಾಳೆ ಅಂತಾರೆ ಜನ. ನಮ್ಮವ್ವ ಅಂತೂ ಓಲೆ ತಿರುಪು ಹೋಗುತ್ತೆ ಅಂತಿದ್ಲು. ಮಬ್ಬು ಬೆಳಕಲ್ಲಿ ಕಸದ ಜೊತೆ ಏನ್ ಸೇರ್ಕೊಂಡಿರುತ್ತೋ ಕಾಣುತ್ತಾ? ನನ್ನ ತಿರುಪೇ ಒಂದ್ಸಲ ಹಂಗೆ ಸಿಕ್ತು.”

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಮಂಗಳೂರಿನಲ್ಲಿ ತಡ, ಕೋಲಾರದಲ್ಲಿ ಬೇಗ! ಸೂರ್ಯ ಮುಳುಗುವುದೂ ಹಾಗೇ ಅಲ್ಲವೇ! ನಮ್ಮ ಇಡೀ ಪ್ರಯೋಗಾಲಯವನ್ನು ಅಲ್ಲಾಡಿಸಿದ ದೋಷ ದೋಷವೇ ಆಗಿರಲಿಲ್ಲ. ಅತ್ತೆಯ ಪೊರಕೆ ದೀಪ ಹಚ್ಚಿದ ಮೇಲೆ ಕಸ ಎಸೆಯುತ್ತಿರಲಿಲ್ಲ, ಅಷ್ಟೇ. ಅವರು ಆ ಮಾತನ್ನು ಬರೆಯುವಾಗ ಹೇಳಿರಲಿಲ್ಲ. ಕಳ್ಳಪೆನ್ನು ಕೈಯಿಂದಲೇ ಕದ್ದಿತ್ತು.

“ಅತ್ತೆ, ಬೆಳಿಗ್ಗೆ ಎಷ್ಟೊತ್ತಿಗೆ ಎತ್ತಿ ಎಸೀತೀರಿ?”

“ಬಾಗಿಲಿಗೆ ನೀರು ಹಾಕೋಕೆ ಮುಂಚೆ. ಯಾಕ್ರೀ, ಹಿಂಗ್ಯಾಕೆ ನೋಡ್ತಿದೀರಿ?”

ಪರದೆಯ ಮೇಲೆ ಪೊರಕೆಯ ಐಕಾನನ್ನು ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಗೋಡೆ ಮತ್ತು ನೆಲದ ಗೆರೆಗಳು ಕೂಡುವ ಕಡೆ ಒಂದು ಸಣ್ಣ ಕಂದು ಚುಕ್ಕೆ ಕಾಣಿಸಿತು. ಅತ್ತೆ ಬರೆದ ಚಿತ್ರದಲ್ಲಿ ಅದು ಇರಲಿಲ್ಲ. ವಾರಿಜಾಳ ಮಕ್ಕಳೆಲ್ಲ ಆ ಮೂಲೆಯಲ್ಲಿದ್ದರು.

ಇದ್ದದ್ದು ಗೊತ್ತಾಯಿತೇ ಹೊರತು ತೆಗೆಯುವ ದಾರಿ ಇರಲಿಲ್ಲ. ಯಾವ ಆಜ್ಞೆಯೂ ಆ ಚುಕ್ಕೆಯನ್ನು ಮುಟ್ಟಲಿಲ್ಲ. ಹೊಸದಾಗಿ ಇಳಿದ ನುಣ್ಣನೆಯ ಐಕಾನುಗಳಿಗೆ ಮೂಲೆ ಎಂದರೇನೆಂದೇ ತಿಳಿಯದು. ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಮೇಡಂ, “ಅದು ಅವರ ಕೈಯ ಮೂಲೆ. ಅವರ ಕೈಯ ಇನ್ನೊಂದು ಸಾಮಾನೇ ಅಲ್ಲಿಗೆ ಹೋಗ್ಬೇಕು” ಎಂದರು.

ನಾನು ಬ್ಯಾಗಿನಿಂದ ಕಳ್ಳಪೆನ್ನು, ಫಲಕ ತೆಗೆದು ಅತ್ತೆಯ ಮುಂದೆ ಇಟ್ಟೆ.

“ಅತ್ತೆ, ಕಸದಲ್ಲಿ ಸೇರ್ಕೊಂಡಿರೋ ಒಳ್ಳೇದನ್ನ ಬೇರೆ ಮಾಡೋಕೆ ಏನ್ ತಗೋತೀರಿ?”

“ಮೊರ.”

“ಮೊರ ಬರ್ಕೊಡಿ. ರಾತ್ರಿ ಹೊತ್ತು ಮೊರ ಮುಟ್ಟಬಾರದು ಅಂತೇನಾದ್ರೂ ಇದೆಯಾ?”

“ಅಕ್ಕಿ ನೋಡೋಕೆ ಹೊತ್ತೇನು ಗೊತ್ತೇನು” ಎಂದು ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಕೂತರು. ಪೆನ್ನು ಎತ್ತಿಕೊಂಡು ಪರದೆ ನೋಡಿದರು. ಕನ್ನಡಕವನ್ನು ಒಮ್ಮೆ ಸರಿಮಾಡಿಕೊಂಡರು. ಸ್ವಲ್ಪ ಹೊತ್ತು ಪೆನ್ನು ಹಾಗೇ ನಿಂತಿತ್ತು. ನಂತರ ಮಗಳ ಕಡೆ ತಿರುಗಿ, “ಕಾಳು ಯಾವುದು ಜೊಳ್ಳು ಯಾವುದು ಅಂತ ಗೊತ್ತಿಲ್ದೆ ಕೇರೋದು ಹೆಂಗವ್ವ? ನಿನ್ನ ಮಕ್ಕಳ ಸನ್ನೆ ತೋರ್ಸು ನಂಗೆ” ಎಂದರು.

ವಾರಿಜಾ ಮೇಜಿನ ಈ ಕಡೆ ಬಂದು ತಾಯಿಯ ಪಕ್ಕ ಕೂತಳು. ನೆನಪಿನಿಂದ ಒಂದೊಂದೇ ತೋರಿಸತೊಡಗಿದಳು.

“ಇದು ತಸ್ಮಿಯಾ, ಅಮ್ಮ ಅನ್ನೋದು.” ಅಂಗೈಯನ್ನು ಮೇಜಿನ ಮೇಲೆ ಮುಂದಕ್ಕೂ ಹಿಂದಕ್ಕೂ ಉಜ್ಜಿದಳು. ಅವಳ ಅಮ್ಮ ಅಗರಬತ್ತಿ ಹೊಸೆಯುತ್ತಾರೆ. “ಇದು ಶಿವಮಲ್ಲು.” ಎರಡು ಕೈಯಲ್ಲಿ ಕೋಲು ಹಿಡಿದು ಮುದ್ದೆ ತೊಳಸಿದಳು. “ಇದು ಸಣ್ಣಮಾದಿ.” ಬೆರಳ ತುದಿಯಿಂದ ಮೊಣಕೈವರೆಗೆ ಗಾಳಿಯಲ್ಲಿ ಮೊಳ ಹಾಕಿದಳು. ಹೂ ಮಾರುವ ಅಮ್ಮ. ಇನ್ನೊಬ್ಬ ಹುಡುಗನ ಅಮ್ಮ ಎಂದರೆ ತುರುಬು ಬಿಗಿಯುವ ಕೈ. ಇನ್ನೊಬ್ಬಳದು, ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡುವ ಕೈ.

ಅತ್ತೆ ಪ್ರತಿ ಸನ್ನೆಯನ್ನೂ ಒಂದು ಸಲ ತಮ್ಮ ಕೈಯಲ್ಲಿ ಮಾಡಿ ನೋಡುತ್ತಿದ್ದರು, ಆಮೇಲೆ ಮೊರದ ಒಂದು ಎಳೆ ಹೆಣೆಯುತ್ತಿದ್ದರು. ಬಿದಿರಿನ ಒಂದು ಸೀಳು ಮೇಲೆ, ಒಂದು ಸೀಳು ಕೆಳಗೆ. ಮಾತೂ ನಡೆದೇ ಇತ್ತು. “ಎಲ್ಲಾ ಅಮ್ಮಂದಿರೇ, ಆದ್ರೆ ಒಬ್ಳು ಇನ್ನೊಬ್ಬಳಲ್ಲ. ಒಂದೇ ಜಾತಿ ಕಾಳು ಅಂತ ಒಂದೇ ಕಾಳು ಇಟ್ಕೊಂಡು ಮಿಕ್ಕಿದ್ದು ಎಸೀತಾರಾ? ಯಾರ್ ಹೇಳ್ಕೊಟ್ರು ಆ ಪೊರಕೆಗೆ?” ನಾನು ತಲೆ ತಗ್ಗಿಸಿ ಮೇಜಿನ ಅಂಚು ನೋಡುತ್ತಿದ್ದೆ. ಎರಡೆರಡು ಸಲ ಬಂದದ್ದು ಕಸ ಎಂದು ಹೇಳಿಕೊಟ್ಟವನು ನಾನೇ.

ಮೊರ ಮುಗಿಯಿತು. ಅತ್ತೆ ಅಂಚಿಗೆ ಒಂದಿಷ್ಟು ನೆರಳು ಕೊಟ್ಟು, “ಒತ್ರೀ ಈಗ” ಎಂದರು. ಒತ್ತಿದೆ. ಪರದೆಯ ಮೇಲೆ ಮೊರ ಮೂಲೆಗೆ ಇಳಿದು ಆ ಚುಕ್ಕೆಯನ್ನು ಎತ್ತಿಕೊಂಡಿತು. ಒಂದು ಸಲ ಎಗರಿಸಿತು. ಸತ್ತ ಕೊಂಡಿಗಳು ಹಾರಿಹೋದವು. ಇನ್ನೊಂದು ಸಲ ಎಗರಿಸಿದಾಗ ಪುಟದ ಮೇಲೆ ಅಗರಬತ್ತಿ ಹೊಸೆಯುವ ಒಂದು ಪುಟ್ಟ ಕೈ ಬಿತ್ತು.

“ತಸ್ಮಿಯಾ!” ಎಂದು ವಾರಿಜಾ ಕೂಗಿದಳು. ಅವಳ ಹಿಂದೆ ಶಿವಮಲ್ಲು, ಸಣ್ಣಮಾದಿ, ಹಣೆ ಮುಟ್ಟುವ ಹುಡುಗಿ, ನೀರು ಕುಡಿಯುವವರು, ಮಳೆಗೆ ತಲೆ ಮುಚ್ಚಿಕೊಳ್ಳುವವರು ಒಬ್ಬರ ಮೇಲೊಬ್ಬರು ಬಂದರು. ವಾರಿಜಾ ಅಳುತ್ತಾ ನಗುತ್ತಾ ಒಬ್ಬೊಬ್ಬರ ಹೆಸರನ್ನೂ ಹೇಳಿದಳು. ಫೋನಿನಲ್ಲಿ ಮೇಡಂ ಕೂಡ ಕೂಗುತ್ತಿದ್ದರು. ಭಾರದ ಸಮಸ್ಯೆಯನ್ನೂ ಮೊರವೇ ನೋಡಿಕೊಂಡಿತು. ಜೊಳ್ಳು ಹಾರಿ ಸೈಟ್ ಸಾಕಷ್ಟು ಹಗುರವಾಗಿತ್ತು.

ಎಲ್ಲ ಬಂದಾಯಿತು ಎಂದುಕೊಂಡಾಗ ಮೊರ ಇನ್ನೊಂದು ಸಲ ಎಗರಿಸಿತು. ಬೀಗದಕೈ ಬಿತ್ತು. ಮರದ ಸ್ಕೇಲು, ಸೂಜಿ ದಾರ, ಸೌಟು, ಕೊನೆಗೆ ಅರ್ಧ ಬಿಚ್ಚಿದ ಹೆಣಿಗೆ. ಎಲ್ಲ ಟೂಲ್‌ಬಾರಿನ ಮೇಲೆ ಬಂದು, ಹೊಸ ಐಕಾನುಗಳನ್ನು ಪಕ್ಕಕ್ಕೆ ಸರಿಸಿ, ತಮ್ಮ ತಮ್ಮ ಜಾಗದಲ್ಲಿ ಕೂತವು.

ನನಗೆ ಮೊದಲು ಹೊಳೆದದ್ದು ಸಿಕ್ಕಿಬಿದ್ದೆ ಎಂದು. ಆಮೇಲೆ ಇನ್ನೊಂದು ಹೊಳೆಯಿತು. ಮೊರಕ್ಕೆ ಯಾವುದು ಕಾಳು ಎಂದು ಹೇಳಿಕೊಟ್ಟದ್ದು ಅತ್ತೆಯ ಕೈ. ಅವರು ಮಕ್ಕಳ ಬಗ್ಗೆ ಮಾತಾಡಿದ್ದರೇ ಹೊರತು ತಮ್ಮ ಚಿತ್ರಗಳ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆದರೂ ಮೊರ ಅವನ್ನು ಕಾಳೆಂದು ಎತ್ತಿಕೊಂಡಿತ್ತು. ಬರೆಯಲು ಕೂತಾಗಲೇ ಅವರು ಟೂಲ್‌ಬಾರಿನಲ್ಲಿ ತಮ್ಮ ಚಿತ್ರಗಳಿಲ್ಲದ್ದನ್ನು ನೋಡಿದ್ದರು. ನೋಡಿ, ಕನ್ನಡಕ ಸರಿಮಾಡಿಕೊಂಡು, ಬಾಯಿಮುಚ್ಚಿಕೊಂಡು, ಮಗಳ ಕೆಲಸಕ್ಕೆ ಮೊರ ಬರೆದುಕೊಟ್ಟಿದ್ದರು. ಪೆನ್ನು ಮಾತ್ರ ಅವರು ನುಂಗಿಕೊಂಡದ್ದನ್ನೂ ಕದ್ದಿತ್ತು.

“ನಾನೇ ತೆಗೆದೆ ಅತ್ತೆ. ಬೇರೆ ಚಿತ್ರ ಹಾಕ್ಬೇಕು ಅಂತ ತೀರ್ಮಾನ ಆಗಿತ್ತು. ನಿಮಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ತಪ್ಪಾಯ್ತು.”

ಅತ್ತೆ ಪೆನ್ನಿನ ಮುಚ್ಚಳ ಹಾಕಿದರು. “ಬೇಡ ಅಂದ್ರೆ ಬೇಡ, ಅದಕ್ಕೇನಂತೆ. ಆ ಸೌಟಿನ ಹಿಡಿ ನಂಗೂ ಸರಿ ಕಾಣ್ತಿರ್ಲಿಲ್ಲ, ಸೊಟ್ಟಗದೆ. ಒಂದ್ ಮಾತು ಹೇಳಿ ತೆಗೀಬಹುದಿತ್ತು” ಎಂದರು. ಎದ್ದು ಎರಡು ಹೆಜ್ಜೆ ಹೋಗಿ, ಮತ್ತೆ ತಿರುಗಿ, “ಮೂಲೇಲಾದ್ರೂ ಇಟ್ಟಿದ್ರಲ್ಲ ಬಿಡಿ” ಎಂದರು. ನಗುತ್ತಿದ್ದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಸಾಕು ಸಾಕು ಎಂದರೂ ಇನ್ನೊಂದು ಸೌಟು ಸಾರು ನನ್ನ ತಟ್ಟೆಗೆ ಬಿತ್ತು. ಆಗ ಧೈರ್ಯ ಬಂತು.

ನಾನು ಅತ್ತೆಯ ಮುಂದೆ ತಪ್ಪೊಪ್ಪಿಕೊಂಡಾಗ ಫೋನ್ ಇನ್ನೂ ಕಟ್ಟಾಗಿರಲಿಲ್ಲ ಎಂಬುದು ನನಗೆ ಬೆಳಿಗ್ಗೆ ಗೊತ್ತಾಯಿತು. “ಆ ಐಕಾನ್ ತೆಗೆಯೋದು ಬೇಡ. ನನ್ನಿಂದಾನೂ ತಪ್ಪಾಯ್ತು ಅಂತ ಅವರಿಗೆ ಹೇಳಿ” ಎಂದು ನಿರುಪಮಾ ಮೇಡಂ ಸಂದೇಶ ಕಳಿಸಿದ್ದರು. ದೋಷಗಳ ಪಟ್ಟಿಯಿಂದ ಪೊರಕೆಯ ಹೆಸರನ್ನು ಅವರೇ ಹೊಡೆದುಹಾಕಿದ್ದರು.

ಶಾಲೆಯ ಸಭಾಂಗಣ ತುಂಬಿತ್ತು. ತಾಯಂದಿರು ಫೋನುಗಳನ್ನು ಹಿಡಿದು ಕೂತಿದ್ದರು. ತಸ್ಮಿಯಾಳ ಅಮ್ಮ ತಮ್ಮ ಫೋನಿನಲ್ಲಿ ಆ ಪುಟ್ಟ ಅಂಗೈ ಮುಂದಕ್ಕೂ ಹಿಂದಕ್ಕೂ ಹೋಗುವುದನ್ನು ನೋಡಿದರು. ಮಸಿ ಹಿಡಿದ ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಮಗಳನ್ನು ಹತ್ತಿರ ಎಳೆದುಕೊಂಡು, ಅವಳ ಬೆನ್ನ ಮೇಲೆ ಅದೇ ರೀತಿ ಕೈಯಾಡಿಸಿದರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ವಾರಿಜಾಳ ಮುಖ ನೋಡುವ ಧೈರ್ಯ ಇರಲಿಲ್ಲ, ನೋಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳು ನಮ್ಮನ್ನು ಸುತ್ತಿಕೊಂಡರು. ಅವರಲ್ಲೊಂದು ಪದ್ಧತಿಯಿದೆ. ತಮಗೆ ಹತ್ತಿರವಾದವರಿಗೆ ಒಂದು ಸನ್ನೆಹೆಸರು ಕೊಡುತ್ತಾರೆ. ಹಿಂದಿನ ರಾತ್ರಿಯ ಕಥೆಯನ್ನು ವಾರಿಜಾ ಆಗಲೇ ಕೈಯಲ್ಲಿ ಹೇಳಿಯಾಗಿತ್ತು. ಅತ್ತೆಗೆ ಹೆಸರು ಕೂಡಲೇ ಸಿಕ್ಕಿತು. ಎರಡು ಕೈಯಲ್ಲಿ ಮೊರ ಹಿಡಿದು ಒಂದು ಸಲ ಎಗರಿಸಿದರೆ ಪುಟ್ಟತಾಯಮ್ಮ. ಅತ್ತೆ ಅದನ್ನು ತಾವೂ ಮಾಡಿ ನೋಡಿ, “ಕೈ ಇನ್ನೂ ಸ್ವಲ್ಪ ಅಗಲ” ಎಂದು ತಿದ್ದಿದರು.

“ನನಗೆ?” ಎಂದು ಎದೆ ಮುಟ್ಟಿ ಕೇಳಿದೆ.

ತಸ್ಮಿಯಾ ಬಗ್ಗಿ, ಗಾಳಿಯಲ್ಲಿ ಪೊರಕೆ ಹಿಡಿದು ಸರಸರ ಗುಡಿಸಿದಳು. ಇಡೀ ಗುಂಪು ಬಿದ್ದು ಬಿದ್ದು ನಕ್ಕಿತು. ವಾರಿಜಾ ನಕ್ಕಳು, ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ತಸ್ಮಿಯಾ ಇನ್ನೂ ಮುಗಿಸಿರಲಿಲ್ಲ. ಗುಡಿಸಿದ್ದನ್ನು ಎರಡೂ ಅಂಗೈಯಲ್ಲಿ ಜೋಪಾನವಾಗಿ ಬಾಚಿ, ಗೋಡೆಯ ಮೂಲೆಗೆ ಇಟ್ಟು, ಅದರ ಮೇಲೆ ಮೆಲ್ಲಗೆ ಕೈ ತಟ್ಟಿದಳು.

ಮೂಲೆಯಲ್ಲಿಟ್ಟವನು ನಾನಲ್ಲ, ಇವರು, ಎಂದು ಅತ್ತೆಯ ಕಡೆ ಕೈ ತೋರಿಸಿ ಹೇಳಲು ನೋಡಿದೆ. ನನ್ನ ಕೈಗೆ ಅಷ್ಟು ಭಾಷೆ ಬರುತ್ತಿರಲಿಲ್ಲ. ಅತ್ತೆ ನನ್ನ ಕೈಯನ್ನು ಕೆಳಗಿಳಿಸಿ, “ಇರ್ಲಿ ಬಿಡಿ ಅಳಿಯಂದ್ರೇ, ಮಕ್ಕಳು ಪ್ರೀತಿಯಿಂದ ಕೊಟ್ಟಿದಾವೆ, ಇಟ್ಕೊಳಿ” ಎಂದರು.